ಬಾಣಲೆಯ ಪಕ್ಕದಲ್ಲಿ ಹಬೆಗೂ ಒಂದು ಒಲೆ ಇರಲಿ



ಸಂಕ್ರಾಂತಿ, ಯುಗಾದಿ, ಗಣೇಶ ಚತುರ್ಥಿ, ರಾಜ್ಯೋತ್ಸವ, ದೀಪಾವಳಿ ಎಂದು ವರ್ಷಕ್ಕೆ ಐದಾರು ಬಾರಿ ಕೇಟಿ ಹಾಗೂ ಸುತ್ತಲಿನ ಕನ್ನಡ ಕುಟುಂಬಗಳು ಒಂದೆಡೆ ಕಲೆಯುತ್ತೇವೆ. ಕಾರ್ಯಕ್ರಮ ಮುಗಿದ ಮೇಲೆ ಊಟದ ಸಾಲು. ಆ ಸಾಲಿನ ಮೇಜುಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಬೋಂಡ, ಬಜ್ಜಿ, ಆಂಬೊಡೆ, ಪೂರಿ, ಹಪ್ಪಳ, ಜಿಲೇಬಿ, ಅವುಗಳ ನಂತರ ಅನ್ನದ ಮೂರು ಬಗೆ. ಎಲ್ಲವೂ ರುಚಿಕರ, ಎಲ್ಲವೂ ನಮಗೆ ಪ್ರಿಯ. ಆದರೆ ಮಧುಮೇಹಕ್ಕೆ ಮಾತ್ರೆ ನುಂಗುವ ನಲವತ್ತರ ಪ್ರಾಯದವರು, ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರು, ಊರಿನಿಂದ ಆರು ತಿಂಗಳಿಗೆಂದು ಬಂದಿರುವ ತಂದೆ ತಾಯಂದಿರು ಆ ಸಾಲಿನಲ್ಲಿ ನಿಂತಾಗ ಅವರ ತಟ್ಟೆಗೆ ನಿಶ್ಚಿಂತೆಯಿಂದ ಬಡಿಸಬಹುದಾದ ತಿಂಡಿ ಯಾವುದು? ಕೋಸಂಬರಿ ಒಂದನ್ನು ಬಿಟ್ಟರೆ ಉತ್ತರ ಹುಡುಕಬೇಕಾಗುತ್ತದೆ.

ಈ ಬರಹದ ಮೂಲಕ ನಾವು ಒಂದು ಸಣ್ಣ ಸಲಹೆಯನ್ನು ಬಳಗದ ಮುಂದಿಡುತ್ತಿದ್ದೇವೆ. ಮುಂದಿನ ಸಂಕ್ರಾಂತಿಯಿಂದ ಆರಂಭಿಸಿ, ನಮ್ಮ ಪ್ರತಿಯೊಂದು ಕೂಟದಲ್ಲಿಯೂ ಹಬೆಯಲ್ಲಿ ಬೆಂದ, ಹಸಿರು ಸೊಪ್ಪು ಬೆರೆತ ಕನ್ನಡ ನಾಡಿನ ಒಂದು ತಿನಿಸು ಇರಲೇಬೇಕು; ಅದನ್ನು ಸಾಧ್ಯವಾದಷ್ಟು ಮಟ್ಟಿಗೆ ನಾವೇ ಕೂಡಿ ಮಾಡಬೇಕು. ಮೊದಲ ತಿನಿಸಾಗಿ ನಾವು ಸೂಚಿಸುವುದು ಸಬ್ಬಸಿಗೆ ಸೊಪ್ಪಿನ ನುಚ್ಚಿನುಂಡೆ. ಬಾಣಲೆಯನ್ನು ಬಹಿಷ್ಕರಿಸಿರೆಂದು ನಾವು ಹೇಳುತ್ತಿಲ್ಲ. ಒಬ್ಬಟ್ಟಿನ ದಿನ ಆಂಬೊಡೆ ಇಲ್ಲದಿದ್ದರೆ ನಮಗೂ ಊಟ ಪೂರ್ಣವಾಗದು. ಬಾಣಲೆಯ ಪಕ್ಕದಲ್ಲಿ ಹಬೆಗೂ ಒಂದು ಒಲೆ ಇರಲಿ ಎಂಬುದಷ್ಟೇ ನಮ್ಮ ಕೋರಿಕೆ.

ಒಂದೇ ಹಿಟ್ಟು, ಎರಡು ದಾರಿ

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಬೆಳೆದವರಿಗೆ ನುಚ್ಚಿನುಂಡೆಯ ಪರಿಚಯ ಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ನೆನೆಸಿದ ತೊಗರಿಬೇಳೆಯನ್ನು, ಕೆಲವು ಮನೆಗಳಲ್ಲಿ ಕಡಲೆಬೇಳೆಯನ್ನೂ ಸೇರಿಸಿ, ನೀರು ಹಾಕದೆ ತರಿತರಿಯಾಗಿ ರುಬ್ಬಿ, ಸೊಪ್ಪು, ತೆಂಗಿನತುರಿ, ಹಸಿಮೆಣಸಿನಕಾಯಿ, ಶುಂಠಿ ಬೆರೆಸಿ, ಉದ್ದುದ್ದ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಅದು ನುಚ್ಚಿನುಂಡೆ. ನುಚ್ಚು ಎಂದರೆ ಒಡೆದ ಕಾಳು, ಮುರಿದ ಅಕ್ಕಿ. ಬೇಳೆ ನುಣ್ಣಗಾಗದೆ ನುಚ್ಚುನುಚ್ಚಾಗಿಯೇ ಉಳಿಯಬೇಕೆಂಬ ಸೂಚನೆ ಹೆಸರಿನಲ್ಲಿಯೇ ಇದೆ.

ಆಂಬೊಡೆಯ ಸಾಮಗ್ರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯೂ ನೆನೆಸಿದ ಬೇಳೆ, ತರಿತರಿ ರುಬ್ಬು, ಅದೇ ಸೊಪ್ಪು, ಅದೇ ಮೆಣಸಿನಕಾಯಿ, ಅದೇ ಶುಂಠಿ. ತಟ್ಟಿ ಎಣ್ಣೆಗೆ ಬಿಟ್ಟರೆ ಆಂಬೊಡೆ, ಉಂಡೆ ಕಟ್ಟಿ ಹಬೆಗೆ ಇಟ್ಟರೆ ನುಚ್ಚಿನುಂಡೆ. ಇವೆರಡೂ ಒಂದೇ ತಾಯಿಯ ಮಕ್ಕಳು. ಆದ್ದರಿಂದ ನಮ್ಮ ಸಲಹೆಯನ್ನು ಒಪ್ಪುವವರು ಹೊಸ ಅಡುಗೆಯನ್ನೇನೂ ಕಲಿಯಬೇಕಾಗಿಲ್ಲ. ತಿಳಿದಿರುವ ಹಿಟ್ಟನ್ನು ಬೇರೊಂದು ಪಾತ್ರೆಗೆ ಇಡಬೇಕು.

ಆ ಎರಡು ದಾರಿಗಳ ಅಂತರವನ್ನು ಲೆಕ್ಕದಲ್ಲಿ ನೋಡಬಹುದು. 200 ಗ್ರಾಂ ತೊಗರಿಬೇಳೆ, 100 ಗ್ರಾಂ ಕಡಲೆಬೇಳೆಗೆ ಸೊಪ್ಪು, ತೆಂಗು ಸೇರಿಸಿದರೆ ಸುಮಾರು 20 ಉಂಡೆಗಳಾಗುತ್ತವೆ. ಆ 300 ಗ್ರಾಂ ಬೇಳೆಯಲ್ಲಿ ಸರಿಸುಮಾರು 65 ಗ್ರಾಂ ಪ್ರೋಟೀನ್ ಇರುವುದರಿಂದ ಒಂದು ಉಂಡೆಗೆ 3 ಗ್ರಾಂ ಪ್ರೋಟೀನ್ ಬಂದಂತಾಯಿತು. ತೆಂಗಿನದ್ದೂ ಸೇರಿ ಉಂಡೆಯೊಂದಕ್ಕೆ ಸುಮಾರು 60 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಅಂದರೆ ಎರಡು ಉಂಡೆಗಳನ್ನು ತಿಂದರೂ ಒಂದು ದೊಡ್ಡ ಚಮಚ ಎಣ್ಣೆಯಷ್ಟೇ ಕ್ಯಾಲೊರಿ. ಅದರ ಜೊತೆಗೆ ಬೇಳೆಯ ಪ್ರೋಟೀನು, ನಾರು, ಸೊಪ್ಪು ಎಲ್ಲವೂ ನಮ್ಮ ಪಾಲಿಗೆ ಬರುತ್ತವೆ. ಎಣ್ಣೆಯಲ್ಲಿ ಕರಿಯುವಾಗ ತಿನಿಸಿನೊಳಗಿನ ನೀರು ಹೊರಬಂದು ಆ ಸ್ಥಳಕ್ಕೆ ಎಣ್ಣೆ ಸೇರುತ್ತದೆ. ಹಬೆಯಲ್ಲಿ ನೀರು ಒಳಗೇ ಉಳಿಯುತ್ತದೆ. ಉಂಡೆ ಮೃದುವಾಗಿರುವುದಕ್ಕೂ ಬೇಗ ಹೊಟ್ಟೆ ತುಂಬಿಸುವುದಕ್ಕೂ ಇದೇ ಕಾರಣ.

ಹಾಗೆಂದು ಹಬೆಯಲ್ಲಿ ಬೆಂದದ್ದೆಲ್ಲವೂ ಆರೋಗ್ಯಕರವೆಂದು ಭಾವಿಸುವುದು ತರವಲ್ಲ. ಬಿಳಿ ಅಕ್ಕಿಯ ಇಡ್ಲಿಯನ್ನು ಆರೇಳು ತಿಂದರೆ ರಕ್ತದ ಸಕ್ಕರೆ ಏರದೆ ಇರದು. ನುಚ್ಚಿನುಂಡೆಯ ಮೇಲೆ ಸುರಿಯುವ ತುಪ್ಪಕ್ಕೂ ಲೆಕ್ಕವಿದೆ. ಒಂದು ಚಿಕ್ಕ ಚಮಚಕ್ಕೆ ಸುಮಾರು 45 ಕ್ಯಾಲೊರಿ. ಒಂದು ಚಮಚ ಹಾಕಿಕೊಂಡರೆ ಊಟ, ನಾಲ್ಕು ಹಾಕಿಕೊಂಡರೆ ಉಳಿಸಿದ ಎಣ್ಣೆ ಬೇರೆ ವೇಷದಲ್ಲಿ ಹಿಂದಿರುಗಿದಂತೆ. ಉಪ್ಪಿನ ವಿಷಯವೂ ಹಾಗೆಯೇ. ಸಬ್ಬಸಿಗೆಯನ್ನು ಬಾಣಂತಿಯರಿಗೆ ಕೊಡುವ ವಾಡಿಕೆ ನಮ್ಮಲ್ಲಿ ಹಿಂದಿನಿಂದಲೂ ಇದೆ, ಅದರ ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಅದು ಸೊಪ್ಪು, ಔಷಧವಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ಸೇವಿಸುವವರು ಯಾವುದೇ ಹಸಿರು ಸೊಪ್ಪನ್ನು ಹಠಾತ್ತನೆ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳುವುದು ಲೇಸು.

ನಮ್ಮ ಸಮುದಾಯ ಈ ವಿಷಯದಲ್ಲಿ ಎಚ್ಚರ ವಹಿಸಬೇಕಾದ ಕಾರಣವೂ ಸ್ಪಷ್ಟವಾಗಿದೆ. ದಕ್ಷಿಣ ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲಿಯೇ ಮಧುಮೇಹ ಬರುವ ಸಂಭವ ಹೆಚ್ಚು. ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ ಸಾಮಾನ್ಯವಾಗಿ ದೇಹತೂಕ ಸೂಚ್ಯಂಕ 25 ಇದ್ದವರಿಗೆ ಹೇಳುವ ಪರೀಕ್ಷೆಯನ್ನು ಏಷ್ಯಾ ಮೂಲದವರಿಗೆ 23ರಿಂದಲೇ ಮಾಡಿಸಬೇಕೆಂದು 2015ರಿಂದ ಸೂಚಿಸುತ್ತಿದೆ. ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರ ಹೃದಯದ ಆರೋಗ್ಯವನ್ನೇ ಅಭ್ಯಸಿಸುವ 'ಮಸಾಲಾ' ಎಂಬ ಹೆಸರಿನ ದೀರ್ಘ ಅಧ್ಯಯನವೊಂದು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಪ್ರದೇಶಗಳಲ್ಲಿ 2010ರಲ್ಲಿ ಆರಂಭವಾಯಿತೆಂದರೆ ಈ ಚಿಂತೆ ಎಷ್ಟು ಗಂಭೀರವೆಂಬುದು ತಿಳಿಯುತ್ತದೆ. ವರ್ಷಕ್ಕೆ ಆರು ಕೂಟಗಳ ಊಟದಿಂದ ಯಾರಿಗೂ ಕಾಯಿಲೆ ಬಾರದು, ಯಾರ ಕಾಯಿಲೆಯೂ ವಾಸಿಯಾಗದು. ಆದರೆ ಕೂಟದಲ್ಲಿ ಏನನ್ನು ಗೌರವದಿಂದ ಬಡಿಸುತ್ತೇವೆಯೋ ಅದನ್ನೇ ಮಕ್ಕಳು ಹಬ್ಬದ ಅಡುಗೆಯೆಂದು ಗ್ರಹಿಸುತ್ತಾರೆ. ಕನ್ನಡಿಗರ ಹಬ್ಬವೆಂದರೆ ಕರಿದ ತಿಂಡಿ ಎಂಬ ಅರ್ಧಸತ್ಯವನ್ನು ನಾವು ಅವರಿಗೆ ದಾಟಿಸಬಾರದು.

ಹಬೆಯ ಅಡುಗೆ ನಮ್ಮ ನಾಡಿನ ಸೊತ್ತು

ಅದು ಅರ್ಧಸತ್ಯವೇ ಸರಿ. ಕರ್ನಾಟಕದ ಯಾವ ಮೂಲೆಗೆ ಹೋದರೂ ಹಬೆಯಲ್ಲಿ ಬೇಯಿಸುವ ತಿನಿಸೊಂದು ಸಿಗುತ್ತದೆ. ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಕೆಸುವಿನ ಎಲೆಯ ಪತ್ರೊಡೆ, ನಾಗರ ಪಂಚಮಿಯ ಹೊತ್ತಿಗೆ ಅರಿಶಿನ ಎಲೆಯ ಕಡುಬು. ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿಯೂ ಈ ಎಲೆಗಳ ಪರಿಮಳವೇ. ಕೊಡಗಿನಲ್ಲಿ ಕಡಂಬುಟ್ಟು, ನೂಲುಪುಟ್ಟು. ಮಲೆನಾಡಿನಲ್ಲಿ ಅಕ್ಕಿಯ ಕಡುಬು. ಬಯಲುಸೀಮೆಯಲ್ಲಿ ನುಚ್ಚಿನುಂಡೆ, ಗಣೇಶನ ಹಬ್ಬಕ್ಕೆ ಹೂರಣದ ಕಡುಬು.

ಇತಿಹಾಸದತ್ತಲೂ ಒಮ್ಮೆ ನೋಡಬಹುದು. 10ನೆಯ ಶತಮಾನದ ಗದ್ಯಕೃತಿ ವಡ್ಡಾರಾಧನೆಯಲ್ಲಿ 'ಇಡ್ಡಲಿಗೆ' ಎಂಬ ತಿನಿಸಿನ ಹೆಸರು ಬರುತ್ತದೆ. 11ನೆಯ ಶತಮಾನದ ಆದಿಭಾಗದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಮಜ್ಜಿಗೆಯಲ್ಲಿ ನೆನೆಸಿದ ಉದ್ದಿನಿಂದ ಅದನ್ನು ಮಾಡುವ ವಿವರವಿದೆ. ಆ ಹಳೆಯ ಇಡ್ಡಲಿಗೆ ಇಂದಿನ ಇಡ್ಲಿಯೇ ಆಗಿತ್ತೆಂದು ಹೇಳುವಂತಿಲ್ಲ. ಆಹಾರ ಚರಿತ್ರೆಕಾರ ಕೆ. ಟಿ. ಅಚಯ ಅವರು ತೋರಿಸಿಕೊಟ್ಟಂತೆ, ಆ ಉಲ್ಲೇಖಗಳಲ್ಲಿ ಉದ್ದು ಉಂಟು, ಅಕ್ಕಿ ಇಲ್ಲ; ದೀರ್ಘಕಾಲ ಹುದುಗಿಸುವ ಮಾತೂ ಇಲ್ಲ. ಇದರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಅಡುಗೆ ಎಂಬುದು ಸಾವಿರ ವರ್ಷ ಬದಲಾಗುತ್ತಲೇ ಬಂದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಬೆಂಗಳೂರಿನಲ್ಲಿ ತಾನು ರವೆ ಇಡ್ಲಿಯನ್ನು ಮಾಡಿದೆನೆಂದು ಎಂಟಿಆರ್ ಸಂಸ್ಥೆ ಹೇಳಿಕೊಳ್ಳುತ್ತದೆ. ಕೊರತೆಯ ನಡುವೆ ಹುಟ್ಟಿದ ತಿಂಡಿ ಇಂದು ನಮ್ಮ ಪರಂಪರೆಯ ಭಾಗ. ಹೀಗಿರುವಾಗ ಟೆಕ್ಸಸ್ಸಿನ ಅಡುಗೆಮನೆಯಲ್ಲಿ, ಇಲ್ಲಿ ಸಿಗುವ ಸೊಪ್ಪಿನಿಂದ, ಇಲ್ಲಿಯ ವಿದ್ಯುತ್ ಒಲೆಯ ಮೇಲೆ ಮಾಡಿದ ನುಚ್ಚಿನುಂಡೆ 'ಅಸಲಿಯಲ್ಲ' ಎಂಬ ಆಕ್ಷೇಪಕ್ಕೆ ಅರ್ಥವಿಲ್ಲ.

ನಾವು ನೆಲೆಸಿರುವ ಊರೂ ಇದಕ್ಕೆ ಹೊರತಲ್ಲ. ಕೇಟಿ ಇಂದು ಹ್ಯೂಸ್ಟನ್ನಿನ ಪಡುವಣ ಬಡಾವಣೆಗಳ ಸಮೂಹದಂತೆ ಕಂಡರೂ 20ನೆಯ ಶತಮಾನದುದ್ದಕ್ಕೂ ಅದು ಭತ್ತದ ಊರು. ಹಳೆಯ ಕೇಟಿಯಲ್ಲಿ ಭತ್ತ ಒಣಗಿಸಿ ಸಂಗ್ರಹಿಸುತ್ತಿದ್ದ ಎತ್ತರದ ಕಣಜಗಳು ಆ ಊರಿನ ಗುರುತಾದವು. ಅಕ್ಟೋಬರಿನಲ್ಲಿ ಭತ್ತದ ಹೆಸರಿನಲ್ಲಿಯೇ ಊರಹಬ್ಬ ನಡೆಯುತ್ತದೆ. ಭತ್ತ ಕುಟ್ಟಿದಲ್ಲಿ ನುಚ್ಚು ತಪ್ಪದು. ನುಚ್ಚು ಎಂಬ ಮಾತು ಈ ಮಣ್ಣಿಗೆ ಅಷ್ಟೊಂದು ಪರಕೀಯವೇನೂ ಅಲ್ಲ ಎಂದು ನಮಗೆ ಅನ್ನಿಸುತ್ತದೆ.

ಸೊಪ್ಪು ಎಲ್ಲಿಂದ?

ಈ ಪ್ರಶ್ನೆಗೆ ಉತ್ತರ ನಮ್ಮ ಹಿತ್ತಿಲಿನಲ್ಲಿಯೇ ಇದೆ. ಅಂಗಡಿಗಳಲ್ಲಿ ಸಬ್ಬಸಿಗೆ ಸಿಗುತ್ತದೆ. ಭಾರತೀಯ ದಿನಸಿ ಅಂಗಡಿಗಳಲ್ಲಿ ಅದಕ್ಕೆ 'ಸುವಾ' ಎಂಬ ಚೀಟಿ ಇರುತ್ತದೆ, ಅಮೆರಿಕನ್ ಅಂಗಡಿಗಳಲ್ಲಿ 'ಡಿಲ್' ಎಂದಿರುತ್ತದೆ. ವಿಯೆಟ್ನಾಮೀಯರೂ ಈ ಸೊಪ್ಪನ್ನು ಅಡುಗೆಗೆ ಬಳಸುವುದರಿಂದ ಅವರ ಅಂಗಡಿಗಳಲ್ಲಿಯೂ ಕೇಳಿ ನೋಡಬಹುದು. ಆದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ನಾಲ್ಕು ಎಸಳು ನುಚ್ಚಿನುಂಡೆಗೆ ಸಾಲದು. ಒಂದು ಬಟ್ಟಲು ಬೇಳೆಗೆ ಒಂದು ಬಟ್ಟಲು ಹೆಚ್ಚಿದ ಸೊಪ್ಪಾದರೂ ಬೇಕು; ಸೊಪ್ಪು ಅಲಂಕಾರಕ್ಕೆ ಬಿದ್ದರೆ ಪರಿಮಳ ಬರುವುದಿಲ್ಲ.

ಕೇಟಿಯ ಹವಾಮಾನದಲ್ಲಿ ಸಬ್ಬಸಿಗೆ ಚಳಿಗಾಲದ ಬೆಳೆ. ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಬಿತ್ತಬಹುದು. ಬೇಸಿಗೆಯ ಧಗೆ ಬಂದೊಡನೆ ಅದು ಹೂಬಿಟ್ಟು ಬೀಜಕ್ಕೆ ತಿರುಗುತ್ತದೆ. ಬೇರು ನೇರವಾಗಿ ಆಳಕ್ಕೆ ಇಳಿಯುವುದರಿಂದ ಸಸಿ ಕಿತ್ತು ನೆಡುವುದು ಅದಕ್ಕೆ ಒಗ್ಗದು. ಬೀಜವನ್ನು ಇದ್ದಲ್ಲಿಯೇ ಬಿತ್ತಬೇಕು. ಎರಡು ವಾರದೊಳಗೆ ಮೊಳೆತು, ಆರರಿಂದ ಎಂಟು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ನವೆಂಬರ್ ಮೊದಲ ವಾರ ಬಿತ್ತಿದವರಿಗೆ ಸಂಕ್ರಾಂತಿಗೆ ಹಿತ್ತಿಲ ಸೊಪ್ಪು ಸಿದ್ಧ. ನಮ್ಮ ಭಾಗದ ಕಪ್ಪು ಜೇಡಿಮಣ್ಣು ಮಳೆ ಬಂದರೆ ನೀರು ನಿಲ್ಲಿಸಿಕೊಳ್ಳುತ್ತದೆ, ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಎತ್ತರಿಸಿದ ಪಾತಿಯಲ್ಲೋ ಆಳವಾದ ಕುಂಡದಲ್ಲೋ ಬಿತ್ತುವುದು ಮೇಲು. ಲಘು ಇಬ್ಬನಿಯ ಚಳಿಯನ್ನು ಸಬ್ಬಸಿಗೆ ತಾಳಿಕೊಳ್ಳುತ್ತದೆ. 2021ರ ಫೆಬ್ರವರಿಯಂತಹ ಹಿಮಗಾಳಿ ಬಂದರೆ ಮಾತ್ರ ಹೊದಿಕೆ ಬೇಕು. ಡಾಲಸ್ ಹಾಗೂ ಆಸ್ಟಿನ್ನಿನ ಬಂಧುಗಳು ಹಿಮ ಬೇಗ ಬೀಳುವುದನ್ನು ಗಮನಿಸಿ ಇನ್ನೂ ಮುಂಚಿತವಾಗಿ ಬಿತ್ತಬೇಕು. ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಆಗ್ರಿಲೈಫ್ ವಿಸ್ತರಣಾ ವಿಭಾಗವು ತರಕಾರಿ ಬಿತ್ತನೆಯ ಮಾಹಿತಿಯನ್ನು ಪ್ರಕಟಿಸುತ್ತದೆ. ಅದನ್ನು ನೋಡಿಕೊಳ್ಳುವುದು ಉತ್ತಮ.

ಗಿಡದ ಮೇಲೆ ಹಸಿರು, ಕಪ್ಪು, ಹಳದಿ ಪಟ್ಟೆಯ ಹುಳು ಕಂಡರೆ ಮಕ್ಕಳನ್ನು ಕರೆದು ತೋರಿಸಿ. ಅದು ಬಹುಮಟ್ಟಿಗೆ ಕಪ್ಪು ಸ್ವಾಲೋಟೇಲ್ ಚಿಟ್ಟೆಯ ಮರಿ. ಸಬ್ಬಸಿಗೆ ಅದಕ್ಕೂ ಪ್ರಿಯ. ಒಂದೆರಡು ಗಿಡವನ್ನು ಅದಕ್ಕೆ ಬಿಟ್ಟುಕೊಟ್ಟರೆ ನಷ್ಟವೇನಿಲ್ಲ. ಬೇಸಿಗೆಯಲ್ಲಿ ಸಬ್ಬಸಿಗೆ ಇಲ್ಲವಾದಾಗ ದಂಟು, ಹರಿವೆ, ನುಗ್ಗೆಸೊಪ್ಪು ನಮ್ಮ ಬಿಸಿಲಿನಲ್ಲಿ ಹುಲುಸಾಗಿ ಬರುತ್ತವೆ. ಅವುಗಳಿಂದಲೂ ನುಚ್ಚಿನುಂಡೆ ಆಗುತ್ತದೆ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುವುದು ಅಗತ್ಯ. ಮೊದಲನೆಯದು, ಹ್ಯೂಸ್ಟನ್ನಿನ ಅಂಗಳಗಳಲ್ಲಿ ಅಲಂಕಾರಕ್ಕೆಂದು ಬೆಳೆಸುವ ಆನೆಕಿವಿಯಂತಹ ಎಲೆಗಳೆಲ್ಲ ಪತ್ರೊಡೆಗೆ ಆಗುವ ಕೆಸು ಅಲ್ಲ. ಕೆಸುವಿನಲ್ಲಿಯೇ ಗಂಟಲು ತುರಿಸುವ ಆಕ್ಸಲೇಟ್ ಹರಳುಗಳಿರುತ್ತವೆ, ಹುಣಸೆಹಣ್ಣು ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕಾಗಿಯೇ. ತಿನ್ನಲು ಯೋಗ್ಯವೆಂದು ಖಚಿತವಾಗಿ ತಿಳಿಯದ ಎಲೆಯನ್ನು ಅಡುಗೆಮನೆಗೆ ತರಬೇಡಿ. ಎರಡನೆಯದು ಕರಿಬೇವು. ನಿಂಬೆ, ಕಿತ್ತಳೆಯ ಗಿಡಗಳಿಗೆ ಮಾರಕ ರೋಗ ಹರಡುವ ಏಷ್ಯನ್ ಸಿಟ್ರಸ್ ಸಿಲ್ಲಿಡ್ ಎಂಬ ಕೀಟಕ್ಕೆ ಕರಿಬೇವಿನ ಗಿಡವೂ ಆಶ್ರಯ ನೀಡುತ್ತದೆ. ಊರಿನಿಂದ ಬರುವಾಗ ಕರಿಬೇವು ತರುವುದಾಗಲಿ, ಇಲ್ಲಿಯ ಸಸಿಯನ್ನು ಬೇರೆ ಊರಿನ ಸ್ನೇಹಿತರಿಗೆ ಸಾಗಿಸುವುದಾಗಲಿ ನಿಯಮವನ್ನು ವಿಚಾರಿಸದೆ ಮಾಡಬೇಡಿ.

ಮಾಡುವ ಬಗೆ

ಒಂದು ಬಟ್ಟಲು, ಎಂದರೆ ಸುಮಾರು 200 ಗ್ರಾಂ ತೊಗರಿಬೇಳೆ, ಅರ್ಧ ಬಟ್ಟಲು ಕಡಲೆಬೇಳೆಯನ್ನು ತೊಳೆದು ಮೂರರಿಂದ ನಾಲ್ಕು ಗಂಟೆ ನೆನೆಸಬೇಕು. ನಂತರ ಜರಡಿಯಲ್ಲಿ ಹಾಕಿ ನೀರನ್ನು ಪೂರ್ಣವಾಗಿ ಬಸಿಯಬೇಕು. ಐದಾರು ಹಸಿಮೆಣಸಿನಕಾಯಿ, ಒಂದು ಅಂಗುಲ ಶುಂಠಿಯೊಡನೆ ನೀರು ಹಾಕದೆ ತರಿತರಿಯಾಗಿ ರುಬ್ಬಬೇಕು. ಮಿಕ್ಸಿಯನ್ನು ಒಂದೇ ಸಮನೆ ಓಡಿಸದೆ ಬಿಟ್ಟು ಬಿಟ್ಟು ತಿರುಗಿಸಿ. ಅಲ್ಲಲ್ಲಿ ಅರ್ಧ ಬೇಳೆ ಕಾಣಿಸಬೇಕು. ಅರ್ಧ ಬಟ್ಟಲು ತೆಂಗಿನತುರಿ, ಎರಡು ಬಟ್ಟಲು ಸಣ್ಣಗೆ ಹೆಚ್ಚಿದ ಸಬ್ಬಸಿಗೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಹೆಚ್ಚಿದ ಕರಿಬೇವು, ಅರ್ಧ ಚಮಚ ಜೀರಿಗೆ, ಚಿಟಿಕೆ ಇಂಗು, ಉಪ್ಪು ಬೆರೆಸಿ ಮುಷ್ಟಿಯಲ್ಲಿ ಒತ್ತಿ ಉದ್ದನೆಯ ಉಂಡೆ ಕಟ್ಟಬೇಕು. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಬಂದ ಮೇಲೆ ಉಂಡೆಗಳನ್ನಿಟ್ಟು 12ರಿಂದ 15 ನಿಮಿಷ ಬೇಯಿಸಬೇಕು. ಕುಕ್ಕರ್ ಬಳಸುವವರು ವೆಯ್ಟ್ ಹಾಕಬಾರದು. ಉಂಡೆ ಮುರಿದರೆ ಹಸಿಬೇಳೆಯ ವಾಸನೆ ಬಾರದೆ, ಕೈಗೆ ಅಂಟದೆ ಇದ್ದರೆ ಬೆಂದಿದೆ ಎಂದರ್ಥ. ಮಜ್ಜಿಗೆಹುಳಿ ಇದಕ್ಕೆ ಹೇಳಿ ಮಾಡಿಸಿದ ಜೊತೆ.

ತರಿತರಿ ಏಕೆ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಸರಳ. ನುಣ್ಣಗೆ ರುಬ್ಬಿದ ಬೇಳೆ ಒತ್ತೊತ್ತಾಗಿ ಕೂಡಿಕೊಂಡು ಬೆಂದಾಗ ಗಟ್ಟಿಯಾಗುತ್ತದೆ, ಗಂಟಲಿನಲ್ಲಿ ನಿಲ್ಲುತ್ತದೆ. ನುಚ್ಚುನುಚ್ಚಾಗಿದ್ದರೆ ನಡುವೆ ಬಿರುಕುಗಳು ಉಳಿದು ಹಬೆ ಒಳಹೊಕ್ಕು ಹೊರಬರುತ್ತದೆ. ಮಕ್ಕಳಿಗೆ ಹೇಳಬಹುದಾದ ಇನ್ನೊಂದು ಸಂಗತಿಯಿದೆ. ಸಮುದ್ರಮಟ್ಟಕ್ಕೆ ಸಮೀಪವಿರುವ ಕೇಟಿಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸಿನಲ್ಲಿಯೇ ಕುದಿದುಬಿಡುತ್ತದೆ. ಅಜ್ಜಿ ಹೇಳಿದ ಸಮಯಕ್ಕಿಂತ ಒಂದೆರಡು ನಿಮಿಷ ಮುಂಚೆಯೇ ಇಲ್ಲಿ ಉಂಡೆ ಬೆಂದರೆ ಅಜ್ಜಿಯ ಲೆಕ್ಕ ತಪ್ಪಿತೆಂದು ತಿಳಿಯಬೇಕಾಗಿಲ್ಲ.

ಆಕ್ಷೇಪಗಳು

ಮೊದಲ ಆಕ್ಷೇಪ ಶ್ರಮದ್ದು, ಮತ್ತು ಅದು ನ್ಯಾಯವಾದದ್ದು. ಪರಂಪರೆಯ ಹೆಸರಿನಲ್ಲಿ ಅಡುಗೆಯ ಹೊರೆಯನ್ನು ಮತ್ತೆ ಹೆಂಗಸರ ಹೆಗಲಿಗೇ ಏರಿಸುವ ಯೋಜನೆಯಾದರೆ ಇದನ್ನು ಇಲ್ಲಿಯೇ ಕೈಬಿಡುವುದು ಒಳ್ಳೆಯದು. ವಾರವೆಲ್ಲ ಕಚೇರಿ, ವಾರಾಂತ್ಯ ಮಕ್ಕಳ ತರಗತಿಗಳ ನಡುವೆ ಕೇಟರಿಂಗ್ ಎಂಬುದು ಅನೇಕ ಗೃಹಿಣಿಯರಿಗೆ ಹಬ್ಬದ ದಿನ ರೇಷ್ಮೆ ಸೀರೆ ಉಟ್ಟು ನೆಮ್ಮದಿಯಿಂದ ಕುಳಿತುಕೊಳ್ಳುವ ಸ್ವಾತಂತ್ರ್ಯವನ್ನು ತಂದುಕೊಟ್ಟಿದೆ. ಅದನ್ನು ಕಿತ್ತುಕೊಳ್ಳುವ ಇಚ್ಛೆ ನಮಗಿಲ್ಲ. ಆದ್ದರಿಂದಲೇ ನುಚ್ಚಿನುಂಡೆಯನ್ನು ಆರಿಸಿದ್ದೇವೆ. ಇದಕ್ಕೆ ಹುದುಗಿಸುವ ಕಾಯುವಿಕೆ ಇಲ್ಲ, ಎಣ್ಣೆಯ ಮುಂದೆ ನಿಲ್ಲುವ ತಾಪ ಇಲ್ಲ, ಕೈಗುಣದ ಪರೀಕ್ಷೆಯೂ ಕಡಿಮೆ. ಸೊಪ್ಪು ಬಿಡಿಸಲು ಎಂಟು ವರ್ಷದ ಮಗು ಸಾಕು, ಉಂಡೆ ಕಟ್ಟಲು ಹದಿಹರೆಯದವರು ಸಾಕು, ರುಬ್ಬಿ ಬೇಯಿಸಲು ಎಂದೂ ಒಲೆ ಮುಟ್ಟದ ಯಜಮಾನರೂ ಸಾಕು. ನಮ್ಮ ಯೋಜನೆಯಲ್ಲಿ ಹೆಸರು ಕೊಡುವ ಪ್ರತಿ ಕುಟುಂಬದಿಂದ ಕನಿಷ್ಠ ಒಬ್ಬ ಪುರುಷ ಕೆಲಸಕ್ಕೆ ನಿಲ್ಲತಕ್ಕದ್ದು ಎಂದು ಸೂಚಿಸುತ್ತೇವೆ.

ಎರಡನೆಯದು ಸುರಕ್ಷತೆಯ ಪ್ರಶ್ನೆ. ಮನೆಯಲ್ಲಿ ಮಾಡಿ ತಂದ ಬಿಸಿ ತಿನಿಸನ್ನು 140 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ ಇಡಬೇಕು. ಹೊರಗೆ ಇಟ್ಟರೆ ಎರಡು ಗಂಟೆಗೆ ಮೀರಬಾರದು. 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ನಮ್ಮ ಬೇಸಿಗೆಯಲ್ಲಿ ಬಯಲಿನ ಕೂಟವಾದರೆ ಒಂದೇ ಗಂಟೆ. ಪ್ರತಿ ಪಾತ್ರೆಯ ಮುಂದೆ ಸಾಮಗ್ರಿಯ ಚೀಟಿ ಇರಬೇಕು. ಗೋಧಿ ಸೇರದವರ ಗಮನಕ್ಕೆ ಒಂದು ಮಾತು: ನುಚ್ಚಿನುಂಡೆಯಲ್ಲಿ ಗೋಧಿ ಇಲ್ಲ, ಆದರೆ ಅಂಗಡಿಯ ಇಂಗಿನ ಪುಡಿಯಲ್ಲಿ ಹಲವು ಬಾರಿ ಗೋಧಿಹಿಟ್ಟು ಬೆರೆತಿರುತ್ತದೆ. ಡಬ್ಬಿಯನ್ನು ಓದಿ ಬಳಸಿ, ಇಲ್ಲವೇ ಇಂಗನ್ನು ಬಿಟ್ಟುಬಿಡಿ. ಕೆಲವು ಸಭಾಂಗಣಗಳು ಪರವಾನಗಿ ಇರುವವರ ಅಡುಗೆಯನ್ನು ಮಾತ್ರ ಒಳಗೆ ಬಿಡುತ್ತವೆ. ಅಂತಹ ಕಡೆ ನಿಯಮವನ್ನು ಗೌರವಿಸಿ, ಅಡುಗೆಯವರಿಗೇ ನಮ್ಮ ಬಗೆಯನ್ನು ಕೊಟ್ಟು ಮಾಡಿಸಿಕೊಳ್ಳೋಣ. ಅವರ ಜೀವನೋಪಾಯಕ್ಕೂ ಧಕ್ಕೆಯಾಗದು, ಮೇಜಿನ ಮೇಲೆ ಹಬೆಯ ತಿನಿಸೂ ಬಂದಂತಾಗುತ್ತದೆ.

ಮೂರನೆಯ ಆಕ್ಷೇಪ: ಮಕ್ಕಳು ತಿನ್ನುವುದಿಲ್ಲ. ತಾವು ಕಟ್ಟಿದ ಉಂಡೆಯನ್ನು ಮಕ್ಕಳು ರುಚಿಯಾದರೂ ನೋಡುತ್ತಾರೆ ಎಂಬುದು ನಮ್ಮ ನಂಬಿಕೆ. ಮಾಡದೆ ಇದ್ದದ್ದನ್ನು ತಟ್ಟೆಗೆ ಹಾಕಿದರೆ ಬದಿಗೆ ಸರಿಸುವುದು ಸಹಜ. ಆದರೆ ಅವರಿಗೆ ಒಪ್ಪಿಸುವ ಆತುರದಲ್ಲಿ ಅದರ ಹೆಸರನ್ನು ಬದಲಿಸಬೇಡಿ. ಲೆಂಟಿಲ್ ಡಂಪ್ಲಿಂಗ್ ಎಂದರೆ ಅರ್ಥವಾದೀತು, ಆದರೆ ಒಂದು ಹೆಸರಿನ ಹಿಂದೆ ಬರುವ ಹತ್ತು ಮಾತುಗಳು ಹೋಗಿಬಿಡುತ್ತವೆ. ನುಚ್ಚು, ತರಿ, ಹಬೆ, ಬಸಿ, ನೆನೆ, ಹೆಚ್ಚು, ಬಿಡಿಸು. ರುಬ್ಬುವುದು ಬೇರೆ, ಅರೆಯುವುದು ಬೇರೆ, ಬೀಸುವುದು ಬೇರೆ, ಕುಟ್ಟುವುದು ಬೇರೆ ಎಂಬುದನ್ನು ಯಾವ ಪಾಠಪುಸ್ತಕವೂ ಅಡುಗೆಮನೆಯಷ್ಟು ಚೆನ್ನಾಗಿ ಕಲಿಸಲಾರದು. ವಾರಕ್ಕೊಮ್ಮೆ ಒಂದು ಗಂಟೆಯ ಕನ್ನಡ ತರಗತಿಯಲ್ಲಿ ಕ್ರಿಯಾಪದಗಳನ್ನು ಬಾಯಿಪಾಠ ಮಾಡುವ ಮಗು ಕೈಯಲ್ಲಿ ಬೇಳೆ ಹಿಡಿದು ಅವನ್ನು ಕಲಿತರೆ ಮರೆಯುವುದಿಲ್ಲ.

ನಾವು ಕೇಳುತ್ತಿರುವುದು

ಸಂಕ್ರಾಂತಿಯ ಕೂಟಕ್ಕೆ 200 ಜನ ಬರುತ್ತಾರೆಂದು ಭಾವಿಸೋಣ. ತಲೆಗೆ ಎರಡರಂತೆ 400 ನುಚ್ಚಿನುಂಡೆ ಬೇಕು. ಹತ್ತು ಕುಟುಂಬಗಳು ಮುಂದೆ ಬಂದರೆ ಪ್ರತಿ ಮನೆಗೆ 40 ಉಂಡೆ, 600 ಗ್ರಾಂ ಬೇಳೆ, ಸಾಮಾನ್ಯ ಇಡ್ಲಿ ಪಾತ್ರೆಯಲ್ಲಿ ಎರಡು ಮೂರು ಸರದಿ. ನೆನೆಸುವ ಸಮಯ ಬಿಟ್ಟರೆ ಒಂದೂವರೆ ಗಂಟೆಯ ಕೆಲಸ. ಎಲ್ಲ ಮನೆಗಳಿಗೂ ಸೇರಿ ಬೇಳೆ 6 ಕಿಲೋ. ಇದು ಯಾವ ಬಳಗಕ್ಕೂ ದೊಡ್ಡ ಮಾತಲ್ಲ.

ಊರಿನಿಂದ ಬಂದಿರುವ ಹಿರಿಯರಿಗೆ ಒಂದು ವಿಶೇಷ ವಿನಂತಿ. ಮಕ್ಕಳ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಕುಳಿತು, ಕಾರು ಓಡಿಸಲಾಗದೆ, ಮಾತನಾಡಲು ಜೊತೆ ಇಲ್ಲದೆ ದಿನ ಕಳೆಯುವ ತಮ್ಮಂತಹವರ ಬಳಿ ಇರುವ ವಿದ್ಯೆ ನಮಗೆ ಬೇಕಾಗಿದೆ. ಬೇಳೆ ಎಷ್ಟು ತರಿಯಾಗಿರಬೇಕೆಂಬುದನ್ನು ಎರಡು ಬೆರಳ ನಡುವೆ ಹಿಡಿದು ಹೇಳಬಲ್ಲವರು ತಾವು. ಉತ್ತರ ಕರ್ನಾಟಕದವರು, ಕರಾವಳಿಯವರು, ಕೊಡಗಿನವರು ತಮ್ಮ ತಮ್ಮ ಮನೆಯ ಹಬೆಯ ಅಡುಗೆಯನ್ನು ಹೇಳಿಕೊಡಲಿ; ಯುಗಾದಿಗೆ ಒಂದು, ಗಣೇಶನ ಹಬ್ಬಕ್ಕೆ ಒಂದು, ರಾಜ್ಯೋತ್ಸವಕ್ಕೆ ಮತ್ತೊಂದು ಆಗಲಿ. ಹೇಳಿಕೊಡುವ ಅಜ್ಜಿ ತಾತಂದಿರನ್ನು ಕರೆತಂದು ಮನೆಗೆ ಬಿಡುವ ಹೊಣೆ ಬಳಗದ ಸ್ವಯಂಸೇವಕರದ್ದು.

ಸದಸ್ಯರು ನಮ್ಮೊಡನೆ ಭಿನ್ನಾಭಿಪ್ರಾಯ ಹೊಂದಿದ್ದರೆ ಅದನ್ನೂ ಬರೆದು ತಿಳಿಸಬೇಕು. ನುಚ್ಚಿನುಂಡೆಗೆ ಕಡಲೆಬೇಳೆ ಸೇರಿಸುವುದು ಅಪಚಾರವೆನ್ನುವವರ ಪತ್ರಗಳೂ ಬರಬಹುದೆಂದು ಬಲ್ಲೆವು, ಅವನ್ನೂ ಪ್ರಕಟಿಸುತ್ತೇವೆ. ಒಪ್ಪುವವರು ಕಾರ್ಯಕಾರಿ ಸಮಿತಿಗೆ ಈ ತಿಂಗಳಿನೊಳಗೆ ಹೆಸರು ಕೊಡಬೇಕಾಗಿ ಕೋರುತ್ತೇವೆ. ಬೀಜ ಬಿತ್ತುವ ಕಾಲ ಕಾಯುವುದಿಲ್ಲ.